ಹಲ್ಲು ಬೆಳ್ಳಗಾಗಬೇಕೆ? ಮೊದಲು ಕೊಡದ ನೀರನ್ನು ನೋಡಿ



ಮಾಸ್ತಿ ಹೋಬಳಿಯ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿದ್ದಾಯಿತು, ಸಾಲದ ಕಂತು ಬರೆದಿದ್ದಾಯಿತು. ಕೊನೆಯಲ್ಲಿ ಒಬ್ಬ ಸದಸ್ಯೆ ಎದ್ದು ನಿಂತು ಹದಿನೈದು ಸಾವಿರ ರೂಪಾಯಿ ಒಳಸಾಲ ಬೇಕು ಎಂದರು. ಯಾತಕ್ಕೆ ಅಂತ ಕೇಳಿದರೆ ತಲೆ ತಗ್ಗಿಸಿದರು. ಪಕ್ಕದಲ್ಲಿದ್ದವರು ಮೆಲ್ಲಗೆ ಹೇಳಿದರು: "ಮಗಳ ಹಲ್ಲಿಗೆ, ಸಿಸ್ಟರ್."

ಆಮೇಲೆ ಆ ತಾಯಿಯೇ ಬಾಯಿ ಬಿಟ್ಟರು. "ಹುಡುಗೀನ ನೋಡೋಕೆ ಬಂದವರು ಎರಡು ಸಲ ಕಾಫಿ ಕುಡಿದು ಹಂಗೇ ಎದ್ದೋದ್ರು ಸಿಸ್ಟರ್. ಹಲ್ಲು ಹಿಂಗಿದೆ, ಹೊಗೆಸೊಪ್ಪು ಹಾಕ್ತಾಳಾ ಅಂತ ನಮ್ಮ ನೆಂಟರ ಹತ್ರ ಕೇಳಿದ್ರಂತೆ. ನನ್ನ ಮಗಳು ದಿನಾ ಎರಡು ಸಲ ಬ್ರಷ್ ಮಾಡ್ತಾಳೆ. ಪಟ್ಟಣದಲ್ಲಿ ಒಂದು ಗಂಟೇಲಿ ಬೆಳ್ಳಗೆ ಮಾಡಿಕೊಡ್ತಾರಂತೆ."

ಸಭೆಯಲ್ಲಿ ಮಾತು ಎರಡು ಪಾಲಾಯಿತು. ಹಲ್ಲಿಗೆ ಯಾರಾದರೂ ಸಾಲ ಕೊಡ್ತಾರಾ, ಹಸುವಿಗೆ ಕೇಳಿದರೆ ಕೊಡೋಣ ಅಂದರು ಕೆಲವರು. ಇದ್ದಲು ಪುಡಿ ಹಾಕಿ ತಿಕ್ಕಿದರೆ ಸಾಕು, ದುಡ್ಡು ಯಾಕೆ ಅಂದರು ಇನ್ನು ಕೆಲವರು. ನಾವು ಒಂದು ವಾರದ ಸಮಯ ಕೇಳಿ, ಆ ಹುಡುಗಿಯನ್ನು ಕರೆದುಕೊಂಡು ದಂತ ವೈದ್ಯರ ಹತ್ತಿರ ಹೋದೆವು. ಅಲ್ಲಿ ತಿಳಿದುಕೊಂಡದ್ದನ್ನು, ಓದಿ ಖಾತ್ರಿ ಮಾಡಿಕೊಂಡದ್ದನ್ನು ಈ ಕರಪತ್ರದಲ್ಲಿ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇವೆ. ಏಕೆಂದರೆ ಇದು ಒಂದು ಮನೆಯ ಕಥೆಯಲ್ಲ. ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ, ನೀವೇ ಯೋಚಿಸಿ.

ಇದು ಕೊಳೆ ಅಲ್ಲ

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾವು ಶಾಲೆಗಳಿಗೆ ಹೋದಾಗ ಹಲ್ಲು ಕಂದಾಗಿದ್ದ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ "ಸರಿಯಾಗಿ ಹಲ್ಲುಜ್ಜಲ್ವಾ?" ಅಂತ ಗದರಿಸಿದ್ದೇವೆ. ಆ ಮಕ್ಕಳು ಏನೂ ತಪ್ಪು ಮಾಡಿರಲಿಲ್ಲ. ಅವರ ಹಲ್ಲಿನ ಬಣ್ಣ ಬ್ರಷ್ ಮಾಡದೆ ಬಂದದ್ದಲ್ಲ, ಊರಿನ ಬೋರ್‌ವೆಲ್ ನೀರಿನಿಂದ ಬಂದದ್ದು.

ನಮ್ಮ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆ ಇಲ್ಲ. ಹಿಂದೆ ಕೆರೆ, ಬಾವಿ, ಕಲ್ಯಾಣಿಗಳ ನೀರು ಕುಡಿಯುತ್ತಿದ್ದೆವು. ಕೆರೆಗಳು ಒಣಗಿದವು, ಬಾವಿಗಳು ಬತ್ತಿದವು. ಬೋರ್‌ವೆಲ್ ಕೊರೆಯುತ್ತಾ ಸಾವಿರ ಅಡಿ, ಅದಕ್ಕಿಂತಲೂ ಆಳಕ್ಕೆ ಇಳಿದೆವು. ಕೆಳಗೆ ಇರುವುದು ಗಟ್ಟಿ ಕಲ್ಲುಬಂಡೆ. ಆ ಬಂಡೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಎಂಬ ಅಂಶ ಇರುತ್ತದೆ. ನೀರು ಬಹಳ ಕಾಲ ಬಂಡೆಯ ಸಂದಿಯಲ್ಲಿ ನಿಂತಷ್ಟೂ ಫ್ಲೋರೈಡ್ ನೀರಿನಲ್ಲಿ ಕರಗುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕುಡಿದರೆ ಗೊತ್ತಾಗುವುದಿಲ್ಲ.

ಸ್ವಲ್ಪ ಫ್ಲೋರೈಡ್ ಹಲ್ಲಿಗೆ ಒಳ್ಳೆಯದೇ. ಹುಳುಕು ತಡೆಯುತ್ತದೆ. ಆದ್ದರಿಂದಲೇ ಪೇಸ್ಟಿನಲ್ಲಿ ಹಾಕುತ್ತಾರೆ. ಆದರೆ ಅತಿಯಾದರೆ ಅಮೃತವೂ ವಿಷ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂ ತನಕ ನಡೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಕುಡಿಯಬಾರದು.

ಈ ನೀರು ಹಲ್ಲಿಗೆ ಏನು ಮಾಡುತ್ತದೆ? ಮಗು ಹುಟ್ಟಿದಾಗಿನಿಂದ ಸುಮಾರು 8 ವರ್ಷದ ತನಕ ಅದರ ಶಾಶ್ವತ ಹಲ್ಲುಗಳು ವಸಡಿನ ಒಳಗೇ ತಯಾರಾಗುತ್ತಿರುತ್ತವೆ. ಎದುರಿಗೆ ಕಾಣುವ ಮುಂದಿನ ಹಲ್ಲುಗಳಿಗೆ ಮೊದಲ ಮೂರು ನಾಲ್ಕು ವರ್ಷ ಬಹಳ ಮುಖ್ಯ. ಆ ಸಮಯದಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಹೊರಗಿನ ಗಟ್ಟಿ ಕವಚ, ಅಂದರೆ ಎನಾಮೆಲ್, ಸರಿಯಾಗಿ ಗಟ್ಟಿಯಾಗುವುದಿಲ್ಲ. ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಹಲ್ಲು ಹುಟ್ಟುವಾಗ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ, ಗೆರೆ ಇರುತ್ತದೆ. ವರ್ಷ ಕಳೆದಂತೆ ಆ ರಂಧ್ರಗಳಿಗೆ ಬಣ್ಣ ಸೇರಿ ಹಳದಿಯಾಗಿ, ಕಂದಾಗುತ್ತದೆ. ಜಾಸ್ತಿ ಇದ್ದರೆ ಹಲ್ಲಿನ ಮೇಲೆ ಗುಳಿ ಬೀಳುತ್ತದೆ. ಇದಕ್ಕೆ ದಂತ ಫ್ಲೋರೋಸಿಸ್ ಎನ್ನುತ್ತಾರೆ. ಇದು ಅಂಟುರೋಗ ಅಲ್ಲ, ವಂಶದ ದೋಷವೂ ಅಲ್ಲ, ಶಾಪವಂತೂ ಅಲ್ಲವೇ ಅಲ್ಲ.

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ಅಮೆರಿಕಾದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಫ್ರೆಡರಿಕ್ ಮೆಕೆ ಎಂಬ ದಂತ ವೈದ್ಯರು ಹೋದಾಗ ಆ ಊರಿನಲ್ಲೇ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆ ಕಂಡು ಬೆರಗಾದರು. ಕಾರಣ ನೀರಿನಲ್ಲಿರುವ ಫ್ಲೋರೈಡ್ ಎಂದು ಗೊತ್ತಾಗಲು 1931ರ ತನಕ ಕಾಯಬೇಕಾಯಿತು. ನಮ್ಮ ದೇಶದಲ್ಲಿ 1937ರಲ್ಲಿ ನಮ್ಮ ನೆರೆಯ ಆಂಧ್ರದ ನೆಲ್ಲೂರು ಕಡೆ ಇದನ್ನು ವೈದ್ಯರು ಗುರುತಿಸಿ ಬರೆದರು. ಕೇಂದ್ರ ಸರ್ಕಾರ 2008-09ರಲ್ಲಿ ಫ್ಲೋರೋಸಿಸ್ ತಡೆಯಲು ರಾಷ್ಟ್ರೀಯ ಕಾರ್ಯಕ್ರಮವನ್ನೇ ಶುರು ಮಾಡಿತು.

ಎಲ್ಲಾ ಕಲೆಯೂ ಒಂದೇ ಅಲ್ಲ

ಚಿಕಿತ್ಸೆ ಕೇಳುವ ಮೊದಲು ಕಲೆ ಯಾವುದು ಅಂತ ತಿಳಿಯಬೇಕು.

1. ಮೇಲಿನ ಕಲೆ: ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ, ಟೀ, ಕಾಫಿಯಿಂದ ಬರುತ್ತದೆ. ಇದರ ಜೊತೆ ಕಲ್ಲಿನ ಹಾಗೆ ಪಾಚಿ ಕಟ್ಟಿರುತ್ತದೆ. ಡಾಕ್ಟರು ಮಷೀನಿನಿಂದ ಕ್ಲೀನ್ ಮಾಡಿದರೆ ಹೋಗುತ್ತದೆ. ಕ್ಲೀನ್ ಮಾಡಿಸಿದರೆ ಹಲ್ಲು ಅಲುಗಾಡುತ್ತೆ ಅಂತ ಬಹಳ ಜನ ಹೆದರುತ್ತಾರೆ. ನಿಜ ಏನೆಂದರೆ, ಆ ಪಾಚಿಯೇ ವಸಡನ್ನು ತಿಂದು ಹಲ್ಲನ್ನು ಸಡಿಲ ಮಾಡಿರುತ್ತದೆ. ಪಾಚಿ ತೆಗೆದಾಗ ಅದು ನಮಗೆ ಗೊತ್ತಾಗುತ್ತದೆ, ಅಷ್ಟೇ.

2. ಒಳಗಿನ ಕಲೆ: ಫ್ಲೋರೋಸಿಸ್ ಈ ಗುಂಪಿನದು. ಟೆಟ್ರಾಸೈಕ್ಲಿನ್ ಎಂಬ ಮಾತ್ರೆಯನ್ನು ಗರ್ಭಿಣಿಗೆ ಅಥವಾ 8 ವರ್ಷದೊಳಗಿನ ಮಕ್ಕಳಿಗೆ ಕೊಟ್ಟರೆ ಹಲ್ಲು ಬೂದು ಬಣ್ಣಕ್ಕೆ ತಿರುಗುವುದೂ ಇದೇ ಗುಂಪು. ಇವು ತಿಕ್ಕಿದರೆ ಹೋಗುವುದಿಲ್ಲ. ಬಣ್ಣ ಹಾಕಿ ನೇಯ್ದ ಸೀರೆಯನ್ನು ಎಷ್ಟು ಒಗೆದರೂ ಬಿಳಿ ಸೀರೆ ಆಗುತ್ತದೆಯೇ?

3. ವಯಸ್ಸಿನ ಬಣ್ಣ: ವಯಸ್ಸಾದಂತೆ ಎನಾಮೆಲ್ ಸವೆದು ಒಳಗಿನ ಹಳದಿ ಪದರ ಕಾಣುತ್ತದೆ. ಇದು ಕಾಯಿಲೆ ಅಲ್ಲ. ಹಲ್ಲಿನ ಸಹಜ ಬಣ್ಣವೇ ಸ್ವಲ್ಪ ಹಳದಿ. ಟಿವಿ ಜಾಹೀರಾತಿನ ಹಲ್ಲು ನೋಡಿ ನಮ್ಮ ಹಲ್ಲನ್ನು ಅಳೆಯಬೇಡಿ.

ಮನೆಮದ್ದು, ಸಂತೆಮದ್ದು

ಇದ್ದಲು, ಒಲೆ ಬೂದಿ, ಇಟ್ಟಿಗೆ ಪುಡಿ, ಹರಳುಪ್ಪು: ಇವು ಒರಟು. ಪಾತ್ರೆಯನ್ನು ಮರಳು ಹಾಕಿ ತಿಕ್ಕಿದ ಹಾಗೆ. ಮೊದಲು ಹೊಳಪು ಬಂದ ಹಾಗೆ ಕಾಣುತ್ತದೆ. ದಿನಾ ತಿಕ್ಕಿದರೆ ಎನಾಮೆಲ್ ಸವೆಯುತ್ತದೆ. ಈಗ ಅಂಗಡಿಗಳಲ್ಲಿ ಇದ್ದಲಿನ ಪೇಸ್ಟ್ ದುಬಾರಿ ಬೆಲೆಗೆ ಬರುತ್ತಿದೆ. ಇದ್ದಲಿನ ಪೇಸ್ಟ್, ಪುಡಿಗಳ ಮೇಲೆ ನಡೆದ ಸಂಶೋಧನೆಗಳನ್ನೆಲ್ಲ ಸೇರಿಸಿ ನೋಡಿದ ಅಮೆರಿಕಾದ ತಜ್ಞರು 2017ರಲ್ಲಿ, ಇದು ಹಲ್ಲು ಬಿಳಿ ಮಾಡುತ್ತದೆ, ಇದು ಸುರಕ್ಷಿತ ಎನ್ನಲು ಸಾಕಷ್ಟು ಆಧಾರ ಇಲ್ಲ ಎಂದು ಬರೆದಿದ್ದಾರೆ.

ನಿಂಬೆಹಣ್ಣು, ಸೋಡಾ ಪುಡಿ: ನಿಂಬೆರಸ ಆಮ್ಲ. ಅದು ಎನಾಮೆಲನ್ನು ಕರಗಿಸುತ್ತದೆ. ಗಾಯ ಆದರೆ ಚರ್ಮ ಮತ್ತೆ ಬೆಳೆಯುತ್ತದೆ, ಉಗುರು ಮತ್ತೆ ಬೆಳೆಯುತ್ತದೆ. ಸವೆದು ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದು ತೆಳ್ಳಗಾದ ಮೇಲೆ ಒಳಗಿನ ಹಳದಿ ಪದರ ಇನ್ನೂ ಎದ್ದು ಕಾಣುತ್ತದೆ. ಬಿಳಿ ಮಾಡಲು ಹೋಗಿ ಹಳದಿ ಮಾಡಿಕೊಂಡ ಹಾಗೆ. ಮೇಲೆ ತಣ್ಣೀರು ಕುಡಿದರೂ ಜುಂ ಎನ್ನುತ್ತದೆ.

ನಶ್ಯ, ತಂಬಾಕಿನ ಹಲ್ಲುಪುಡಿ: ನಮ್ಮ ಹಿರಿಯ ಸದಸ್ಯೆಯರಲ್ಲಿ ಕೆಲವರು ನಶ್ಯದಿಂದ ಹಲ್ಲು ತಿಕ್ಕುತ್ತಾರೆ. ನೋವು ಕಡಿಮೆ ಆಗುತ್ತೆ ಅಂತಾರೆ. ಅದು ತಂಬಾಕು. ಬಾಯಿ ಕ್ಯಾನ್ಸರಿಗೆ ದಾರಿ. ಹಲ್ಲಿನ ಪೇಸ್ಟು, ಪುಡಿಗಳಲ್ಲಿ ತಂಬಾಕು ಹಾಕುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ.

ಸಂತೆ, ಜಾತ್ರೆಯ ದ್ರಾವಣ: ಸೀಸೆಯಲ್ಲಿ ನೀರಿನ ಹಾಗೆ ಇರುತ್ತದೆ. ಹತ್ತಿಯಲ್ಲಿ ಅದ್ದಿ ಒರೆಸಿದ ತಕ್ಷಣ ಕಲೆ ಹೋಗುತ್ತದೆ. ಹಾಗೆ ತಕ್ಷಣ ಕಲೆ ಎತ್ತುವ ದ್ರಾವಣ ಸಾಮಾನ್ಯವಾಗಿ ಆಮ್ಲವೇ. ಕಲೆಯ ಜೊತೆ ಹಲ್ಲಿನ ಕವಚವೂ ಹೋಗಿರುತ್ತದೆ. ನಮಗೆ ಗೊತ್ತಿರುವ ಒಬ್ಬ ಹೆಣ್ಣುಮಗಳು ಹೀಗೆ ಮಾಡಿಸಿಕೊಂಡು ವಸಡು ಸುಟ್ಟು, ಒಂದು ವಾರ ಗಂಜಿಯ ಮೇಲೆ ಇದ್ದಳು. ಕಾನೂನಿನ ಪ್ರಕಾರ ನೋಂದಣಿ ಇರುವ ದಂತ ವೈದ್ಯರು ಮಾತ್ರ ಹಲ್ಲಿನ ಚಿಕಿತ್ಸೆ ಮಾಡಬೇಕು. ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತೀಡಿಸಿಕೊಳ್ಳಿ, ಹಲ್ಲನ್ನು ಕೊಡಬೇಡಿ.

ಅಂಗಡಿಯ ವೈಟನಿಂಗ್ ಪೇಸ್ಟ್: ಮೇಲಿನ ಕಲೆಯನ್ನು ಸ್ವಲ್ಪ ತೆಗೆಯುತ್ತದೆ. ಕೆಲವದರಲ್ಲಿ ನೀಲಿ ಬಣ್ಣ ಇರುತ್ತದೆ. ಬಿಳಿ ಬಟ್ಟೆಗೆ ನೀಲಿ ಹಾಕಿದ ಹಾಗೆ, ಸ್ವಲ್ಪ ಹೊತ್ತು ಬಿಳಿ ಕಾಣುತ್ತದೆ. ಫ್ಲೋರೋಸಿಸ್ ಕಲೆಗೆ ಇದು ಸಾಲದು.

ಡಾಕ್ಟರು ಮಾಡುವ ಬ್ಲೀಚಿಂಗ್

ದಂತ ವೈದ್ಯರು ಬಳಸುವುದು ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಕಾರ್ಬಮೈಡ್ ಪೆರಾಕ್ಸೈಡ್ ಎಂಬ ಔಷಧಿ. ಇದು ಎನಾಮೆಲಿನ ಒಳಗೆ ಇಳಿದು ಬಣ್ಣದ ಕಣಗಳನ್ನು ಒಡೆಯುತ್ತದೆ. ಎರಡು ವಿಧ ಇದೆ. ಒಂದು, ಕ್ಲಿನಿಕ್ಕಿನಲ್ಲೇ ಕೂರಿಸಿ, ವಸಡಿಗೆ ರಕ್ಷಣೆ ಹಚ್ಚಿ, ಸುಮಾರು ಶೇ. 25ರಿಂದ 40ರಷ್ಟು ಕಡುವಾದ ಔಷಧಿಯಿಂದ ಮಾಡುವುದು. ಎರಡು, ನಮ್ಮ ಹಲ್ಲಿನ ಅಳತೆಗೆ ತೆಳು ಅಚ್ಚು ಮಾಡಿಕೊಟ್ಟು, ಅದರಲ್ಲಿ ಸೌಮ್ಯ ಔಷಧಿ ಹಾಕಿ ರಾತ್ರಿ ಹೊತ್ತು ಎರಡು ವಾರ ಹಾಕಿಕೊಳ್ಳುವುದು. ಇದು 1989ರಿಂದ ಬಳಕೆಯಲ್ಲಿದೆ. ನಿಧಾನವಾದರೂ ಚೆನ್ನಾಗಿ ಕೆಲಸ ಮಾಡುತ್ತದೆ.

ಸುರಕ್ಷಿತವೇ? ನೋಂದಾಯಿತ ವೈದ್ಯರ ಕೈಯಲ್ಲಿ, ಹೇಳಿದ ಅಳತೆಯಲ್ಲಿ ಮಾಡಿದರೆ ಸುರಕ್ಷಿತವೇ. ಹಲ್ಲು ಜುಂ ಎನ್ನುವುದು, ವಸಡು ಉರಿಯುವುದು ಸಾಮಾನ್ಯ; ಹೆಚ್ಚಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಯುರೋಪಿನ ದೇಶಗಳಲ್ಲಿ 2012ರಿಂದ ಒಂದು ಕಟ್ಟುನಿಟ್ಟಿನ ನಿಯಮ ಇದೆ: ಶೇ. 0.1ಕ್ಕಿಂತ ಹೆಚ್ಚು ಪೆರಾಕ್ಸೈಡ್ ಇರುವ ಬಿಳುಪಿನ ಔಷಧಿಯನ್ನು ದಂತ ವೈದ್ಯರಿಗೆ ಮಾತ್ರ ಮಾರಬೇಕು, ಅದೂ ಶೇ. 6ರ ತನಕ ಮಾತ್ರ, 18 ವರ್ಷದೊಳಗಿನವರಿಗೆ ಬಳಸಬಾರದು. ಅವರೇ ಇಷ್ಟು ಎಚ್ಚರ ವಹಿಸುವಾಗ ನಾವು ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹಚ್ಚಿಕೊಳ್ಳುವುದು ಸರಿಯೇ?

ಯಾರು ಮಾಡಿಸಬಾರದು: ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು. ಹುಳುಕು ಹಲ್ಲು, ವಸಡಿನಲ್ಲಿ ರಕ್ತ, ಬಿರುಕು ಇದ್ದವರು ಮೊದಲು ಅದನ್ನು ಸರಿಮಾಡಿಸಿಕೊಳ್ಳಬೇಕು. ಕಟ್ಟಿಸಿದ ಹಲ್ಲು, ಸಿಮೆಂಟ್ ತುಂಬಿಸಿದ ಜಾಗ ಬಿಳಿಯಾಗುವುದಿಲ್ಲ ಎಂಬುದು ನೆನಪಿರಲಿ.

ಎಷ್ಟು ದಿನ ಇರುತ್ತದೆ? ಶಾಶ್ವತ ಅಲ್ಲ. ಕೆಲವು ತಿಂಗಳಿಂದ ಒಂದೆರಡು ವರ್ಷ. ಎಲೆ ಅಡಿಕೆ, ಟೀ ಜಾಸ್ತಿ ಇದ್ದರೆ ಇನ್ನೂ ಬೇಗ ಹೋಗುತ್ತದೆ.

ಫ್ಲೋರೋಸಿಸ್ ಹಲ್ಲಿಗೆ ಏನು?

ಆ ದಿನ ಡಾಕ್ಟರು ಹುಡುಗಿಗೆ ಕನ್ನಡಿ ಕೊಟ್ಟು ವಿವರಿಸಿದರು. ಕಲೆ ತೆಳುವಾಗಿದ್ದರೆ ಬ್ಲೀಚಿಂಗ್ ಸಾಕಾಗಬಹುದು. ಆದರೆ ಬಿಳಿ ಮಚ್ಚೆ ಇರುವ ಹಲ್ಲಿಗೆ ಬರೀ ಬ್ಲೀಚಿಂಗ್ ಮಾಡಿದರೆ ಮೊದಮೊದಲು ಮಚ್ಚೆ ಇನ್ನೂ ಎದ್ದು ಕಾಣಬಹುದು. ಕಂದು ಕಲೆ ಇದ್ದರೆ ಮೈಕ್ರೋಅಬ್ರೇಷನ್ ಎಂಬ ವಿಧಾನ ಇದೆ. ವಸಡಿಗೆ ರಬ್ಬರ್ ಹಾಳೆ ಕಟ್ಟಿ, ಅಳತೆಯ ಆಮ್ಲ ಮತ್ತು ನುಣ್ಣನೆಯ ಪುಡಿ ಬೆರೆತ ಪೇಸ್ಟಿನಿಂದ ಕೂದಲೆಳೆಯಷ್ಟು ಪದರವನ್ನು ಮಾತ್ರ ತೆಗೆಯುತ್ತಾರೆ. "ಸಂತೆಯವನೂ ಆಮ್ಲವನ್ನೇ ಹಾಕ್ತಾನಲ್ಲ ಡಾಕ್ಟ್ರೇ?" ಅಂತ ತಾಯಿ ಕೇಳಿದರು. ಒಳ್ಳೆಯ ಪ್ರಶ್ನೆ. ವ್ಯತ್ಯಾಸ ಅಳತೆಯಲ್ಲಿದೆ, ವಸಡು ಕಾಪಾಡುವುದರಲ್ಲಿದೆ, ಎಲ್ಲಿ ನಿಲ್ಲಿಸಬೇಕು ಎಂದು ತಿಳಿದ ಕೈಯಲ್ಲಿದೆ. ಗುಳಿ ಬಿದ್ದ ಹಲ್ಲಿಗೆ ಹಲ್ಲಿನ ಬಣ್ಣದ ಸಿಮೆಂಟ್ ಹಚ್ಚಬೇಕು. ಬಹಳ ಕೆಟ್ಟಿದ್ದರೆ ಮೇಲೆ ಪದರ ಅಥವಾ ಕ್ಯಾಪ್ ಕೂರಿಸಬೇಕು. ಕ್ಯಾಪ್‌ಗೆ ಹಲ್ಲನ್ನು ತೇಯಬೇಕಾಗುವುದರಿಂದ ಅದು ಕೊನೆಯ ದಾರಿ.

ಆ ಹುಡುಗಿಗೆ ಬೇಕಾಗಿದ್ದು ಕ್ಲೀನಿಂಗ್ ಮತ್ತು ಮೈಕ್ರೋಅಬ್ರೇಷನ್. ಒಂದು ಗಂಟೆಯ ಬ್ಲೀಚಿಂಗಿಗೆ ಹದಿನೈದು ಸಾವಿರ ಸುರಿದಿದ್ದರೆ ಕಲೆ ಅಲ್ಲೇ ಇರುತ್ತಿತ್ತು, ಸಾಲ ಮನೆಯಲ್ಲಿರುತ್ತಿತ್ತು. ದಂತ ಕಾಲೇಜು ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ ಸರ್ಕಾರಿ ದಂತ ಕಾಲೇಜು ಇದೆ. ಕೆಜಿಎಫ್‌ನಲ್ಲಿಯೂ ದಂತ ಕಾಲೇಜು ಇದೆ. ಎರಡು ಕಡೆ ಕೇಳಿ, ಖರ್ಚನ್ನು ಬರೆಸಿಕೊಂಡು, ಆಮೇಲೆ ಸಾಲದ ಮಾತಾಡಿ.

ಹೊರಡುವಾಗ ಡಾಕ್ಟರು ಕೇಳಿದ ಪ್ರಶ್ನೆ

ಎಲ್ಲಾ ಮುಗಿದು ನಾವು ಏಳುವಾಗ ಡಾಕ್ಟರು ಕೇಳಿದರು: "ನಿಮ್ಮ ಮನೆಯಲ್ಲಿ ಚಿಕ್ಕ ಮಕ್ಕಳು ಇದ್ದಾರಾ?" ಇತ್ತು. ಹಿರಿಯ ಮಗಳ ಎರಡು ವರ್ಷದ ಕೂಸು, ಅಜ್ಜಿ ಮನೆಯಲ್ಲೇ ಬೆಳೆಯುತ್ತಿತ್ತು. "ಯಾವ ನೀರು ಕೊಡ್ತೀರಿ?" ತಾಯಿ ಹೇಳಿದರು, "ಕುಡಿಯೋಕೆ ಫಿಲ್ಟರ್ ನೀರು ತರ್ತೀವಿ. ಅಡಿಗೆಗೆ, ಮಗೂ ಸರಿಗೆ ನಲ್ಲಿ ನೀರೇ." ಡಾಕ್ಟರು ಸುಮ್ಮನಾದರು. ನಾವೂ ಸುಮ್ಮನಾದೆವು. ಚಿಕ್ಕಮ್ಮನ ಹಲ್ಲಿಗೆ ಸಾಲ ಮಾಡಲು ಬಂದಿದ್ದೆವು. ಆ ಹೊತ್ತಿಗೆ ಮನೆಯಲ್ಲಿ ಕೂಸಿನ ವಸಡಿನೊಳಗೆ ಅದೇ ಕಲೆ ತಯಾರಾಗುತ್ತಿತ್ತು.

ಸಹೋದರಿಯರೇ, ಬಂದ ಕಲೆಯನ್ನು ತೆಗೆಯುವುದು ಕಷ್ಟ, ಖರ್ಚು. ಬರದ ಹಾಗೆ ತಡೆಯುವುದು ನಮ್ಮ ಕೈಯಲ್ಲಿದೆ.

* ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಇನ್ನೂ ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಕ್ರಿಮಿಗೆ ಕಾಯಿಸಬೇಕು, ಅದು ಬೇರೆ ವಿಷಯ.

* ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಯಂತ್ರ ಫ್ಲೋರೈಡ್ ತೆಗೆಯುತ್ತದೆ. ಆ ನೀರನ್ನು ಕುಡಿಯಲು ಮಾತ್ರ ಅಲ್ಲ, ಮುದ್ದೆ, ಅನ್ನ, ಸಾರು, ಮಗುವಿನ ರಾಗಿ ಸರಿಗೂ ಬಳಸಿ. ಮುದ್ದೆಯ ಹಿಟ್ಟು ಹೀರುವ ನೀರೆಲ್ಲ ನಮ್ಮ ಹೊಟ್ಟೆಗೇ ಹೋಗುತ್ತದೆ. ಸ್ನಾನಕ್ಕೆ, ಪಾತ್ರೆಗೆ ಬೋರ್ ನೀರು ಸಾಕು.

* ಘಟಕದ ಒಳಗಿನ ಪೊರೆ ಹಳತಾದರೆ ಯಂತ್ರ ಓಡಿದರೂ ನೀರು ಶುದ್ಧವಾಗುವುದಿಲ್ಲ. ಕೊನೆಯ ಸಲ ಯಾವಾಗ ಬದಲಿಸಿದಿರಿ, ಪರೀಕ್ಷೆ ಮಾಡಿಸಿದಿರಾ ಎಂದು ಪಂಚಾಯಿತಿಯನ್ನು ಕೇಳುವುದು ನಮ್ಮ ಹಕ್ಕು.

* ತಾಯಿಯ ಎದೆಹಾಲಿನಲ್ಲಿ ಫ್ಲೋರೈಡ್ ಬಹಳ ಕಡಿಮೆ, ತಾಯಿ ಆ ನೀರು ಕುಡಿದರೂ ಸಹ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಿ.

* ಚಿಕ್ಕ ಮಕ್ಕಳಿಗೆ ಟೀ ಕೊಡಬೇಡಿ. ಟೀ ಸೊಪ್ಪಿನಲ್ಲಿಯೂ ಫ್ಲೋರೈಡ್ ಇದೆ. ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿ, ಸೀಬೆಹಣ್ಣು ಕೊಡಿ. ಸುಣ್ಣದ ಅಂಶ ಚೆನ್ನಾಗಿ ಸಿಕ್ಕಿದ ಮಗುವಿಗೆ ತೊಂದರೆ ಕಡಿಮೆ.

* ಮಕ್ಕಳ ಬ್ರಷ್‌ಗೆ ಪೇಸ್ಟ್ ಅಕ್ಕಿಕಾಳಿನಷ್ಟು, ಮೂರು ವರ್ಷದ ಮೇಲೆ ಬಟಾಣಿಯಷ್ಟು ಸಾಕು. ನುಂಗದೆ ಉಗುಳುವುದನ್ನು ಕಲಿಸಿ.

* ಮಳೆನೀರನ್ನು ಶುದ್ಧ ತೊಟ್ಟಿಯಲ್ಲಿ ಹಿಡಿದಿಟ್ಟರೆ ಅದರಲ್ಲಿ ಫ್ಲೋರೈಡಿನ ಭಯ ಇಲ್ಲ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅಂತರ್ಜಲ ಹೆಚ್ಚಿಸಲು ತಂದದ್ದು, ನೇರವಾಗಿ ಕುಡಿಯಲು ಅಲ್ಲ. ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದೆ ಎಂದ ಮಾತ್ರಕ್ಕೆ ಪರೀಕ್ಷೆ ಬೇಡ ಅನ್ನುವ ಹಾಗಿಲ್ಲ.

ಫ್ಲೋರೈಡ್ ಹಲ್ಲಿಗೆ ಮಾತ್ರ ನಿಲ್ಲುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಮೂಳೆಗೆ ಇಳಿದು ಕೀಲುನೋವು, ಸೊಂಟ ಬಗ್ಗದಿರುವುದು ಬರುತ್ತದೆ. ಮಕ್ಕಳ ಹಲ್ಲಿನ ಕಲೆ ಊರಿನ ನೀರು ನಮಗೆ ಬರೆದ ಕಾಗದ ಇದ್ದ ಹಾಗೆ. ಓದಿ ತಿಳಿಯಬೇಕು, ತಿಕ್ಕಿ ಅಳಿಸಬಾರದು.

ಸಂಘ ಏನು ಮಾಡಿತು?

ಮುಂದಿನ ವಾರದ ಸಭೆಯಲ್ಲಿ ಎರಡು ನಿರ್ಣಯ ಬರೆದರು. ಒಂದು, ಚಿಕಿತ್ಸೆಗೆ ಬೇಕಾದಷ್ಟೇ, ಕೇಳಿದ್ದಕ್ಕಿಂತ ಬಹಳ ಕಡಿಮೆ ಮೊತ್ತದ ಒಳಸಾಲ. ಹಲ್ಲಿಗೆ ಸಾಲವಾ ಎಂದು ನಕ್ಕವರೇ ಕೈ ಎತ್ತಿದರು. ಹುಡುಗಿ ಮುಚ್ಚಿಕೊಳ್ಳದೆ ನಗುವುದು ಸಣ್ಣ ವಿಷಯ ಅಲ್ಲ ಎಂದು ಅವರಿಗೂ ಅನ್ನಿಸಿತು. ಎರಡು, ಊರಿನ ನೀರಿನ ಪರೀಕ್ಷೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐದು ಜನ ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕೆಂದು ಇದೆ. ಸಂಘದವರು ಪಂಚಾಯಿತಿಗೆ ಅರ್ಜಿ ಕೊಟ್ಟು ಕಿಟ್ ತರಿಸಿದರು. ಎರಡು ಬೋರ್‌ವೆಲ್‌ಗಳಲ್ಲಿ ಒಂದರ ನೀರು ಮಿತಿ ದಾಟಿತ್ತು. ಆ ನೀರನ್ನು ತಾಲ್ಲೂಕಿಗೆ ಕಳಿಸಿ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದರು. ಆ ಬೋರ್‌ವೆಲ್ ಮೇಲೆ "ಕುಡಿಯಲು, ಅಡಿಗೆಗೆ ಬೇಡ" ಎಂದು ಬರೆಸಿದ್ದಾರೆ. ಅಂಗನವಾಡಿಗೆ ಘಟಕದ ನೀರು ತರುವ ಪಾಳಿ ಹಾಕಿಕೊಂಡಿದ್ದಾರೆ.

ಹುಡುಗಿಯ ಹಲ್ಲಿನ ಕಲೆ ಪೂರ್ತಿ ಹೋಗಿಲ್ಲ. ಕಂದು ಇದ್ದದ್ದು ತಿಳಿಯಾಗಿದೆ. ಮೊನ್ನೆ ಮಾಲೂರು ಬಸ್ಸಿನಲ್ಲಿ ಕೆಲಸಕ್ಕೆ ಹೋಗುವಾಗ ಸಿಕ್ಕಿದ್ದಳು. ಮದುವೆ ಮಾತು ಏನಾಯಿತು ಅಂತ ನಾವು ಕೇಳಲಿಲ್ಲ. ಅವಳೇ ಹೇಳಿದಳು: "ಇನ್ಮೇಲೆ ಯಾರಾದ್ರೂ ಕೇಳಿದ್ರೆ, ನಮ್ಮೂರ ನೀರು ಹಂಗೆ, ನಿಮ್ಮೂರ ನೀರು ಟೆಸ್ಟ್ ಮಾಡ್ಸಿದ್ದೀರಾ ಅಂತ ನಾನೇ ಕೇಳ್ತೀನಿ ಸಿಸ್ಟರ್." ಕೈ ಅಡ್ಡ ಹಿಡಿಯದೆ ನಕ್ಕಳು.

ನಗು ದೇವರು ಎಲ್ಲರಿಗೂ ಕೊಟ್ಟ ವರ. ಅದಕ್ಕೆ ಬಣ್ಣದ ಪರೀಕ್ಷೆ ಇಡುವುದು ಮನುಷ್ಯರು. ಗಂಡಿನ ಕಡೆಯವರಾಗಿ ಹೆಣ್ಣು ನೋಡಲು ಹೋಗುವವರೂ ನಾವೇ ಅಲ್ಲವೇ? ಅಲ್ಲಿ ಕುಳಿತಾಗ ಈ ಮಾತು ನೆನಪಿರಲಿ.

ಮುಂದಿನ ಸಭೆಯಲ್ಲಿ ಚರ್ಚಿಸಿ:
1. ನಮ್ಮ ಊರಿನ ಯಾವ ಬೋರ್‌ವೆಲ್ ನೀರಿನ ಫ್ಲೋರೈಡ್ ಪರೀಕ್ಷೆ ಆಗಿದೆ? ಫಲಿತಾಂಶ ಏನು, ಯಾರ ಹತ್ತಿರ ಇದೆ?
2. ನಮ್ಮ ಮನೆಗಳಲ್ಲಿ ಅಡಿಗೆಗೆ ಯಾವ ನೀರು?
3. ಅಂಗನವಾಡಿ, ಶಾಲೆಯ ಬಿಸಿಯೂಟಕ್ಕೆ ಯಾವ ನೀರು?
4. ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗಳ ಪಟ್ಟಿ ಮಾಡಿ, ಆ ಮನೆಗಳಿಗೆ ಮೊದಲು ಶುದ್ಧ ನೀರು ಸಿಗುವ ಹಾಗೆ ಏನು ಮಾಡಬಹುದು?

ಚರ್ಚೆಯಾದದ್ದನ್ನು ನಡವಳಿ ಪುಸ್ತಕದಲ್ಲಿ ಬರೆದು, ಒಕ್ಕೂಟದ ಸಭೆಗೆ ತನ್ನಿ.